ದೇರಳಕಟ್ಟೆ ಪಕ್ಕದಲ್ಲಿದ್ದ ಮಾತ್ರಕ್ಕೆ ಮಂಜೇಶ್ವರದ ಮನೆಗೆ ಬಾಡಿಗೆ ಬರುವುದೇ?

ಮಂಜೇಶ್ವರ, ಹೊಸಂಗಡಿ, ಕುಂಜತ್ತೂರು ಕಡೆ ಐದೋ ಹತ್ತೋ ಸೆಂಟ್ಸ್ ಜಾಗ ಕೊಂಡು ಬಾಡಿಗೆ ಮನೆ ಕಟ್ಟಲು ಹೊರಟವರಲ್ಲಿ ಒಂದು ನಂಬಿಕೆ ಬಲವಾಗಿದೆ. ತಲಪಾಡಿಯಲ್ಲಿ ಕೇರಳದ ಗಡಿ ದಾಟಿ ಕರ್ನಾಟಕಕ್ಕೆ ಹೊಕ್ಕರೆ ತೊಕ್ಕೊಟ್ಟು, ಅಲ್ಲಿಂದ ಒಳಗೆ ತಿರುಗಿದರೆ ದೇರಳಕಟ್ಟೆ. ನಿಟ್ಟೆ, ಯೆನೆಪೋಯ, ಕಣಚೂರು ಎಂಬ ಮೂರು ವೈದ್ಯಕೀಯ ಕಾಲೇಜುಗಳು, ಮುಂದೆ ಕೊಣಾಜೆಯಲ್ಲಿ 1980ರಿಂದ ಮಂಗಳೂರು ವಿಶ್ವವಿದ್ಯಾನಿಲಯ. ಇಷ್ಟು ವಿದ್ಯಾರ್ಥಿಗಳು ಪಕ್ಕದಲ್ಲೇ ಇರುವಾಗ ಕೋಣೆ ಖಾಲಿ ಉಳಿಯುವುದುಂಟೇ ಎಂಬುದು ಲೆಕ್ಕ. ಈ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ವಿದ್ಯಾರ್ಥಿಗಳ ಸಂಖ್ಯೆಯೇ ಬಾಡಿಗೆದಾರರ ಸಂಖ್ಯೆಯಲ್ಲ. ವೈದ್ಯಕೀಯ ಕಾಲೇಜುಗಳಿಗೆ ಅವುಗಳದ್ದೇ ಹಾಸ್ಟೆಲುಗಳಿವೆ. ಮಂಗಳೂರು, ಬಂಟ್ವಾಳದವರು, ನಮ್ಮ ಕಾಸರಗೋಡಿನವರೂ ಅನೇಕರು ಮನೆಯಿಂದಲೇ ಹೋಗಿಬರುತ್ತಾರೆ. ಕಳೆದು ಉಳಿಯುವವರು ಹಾಸ್ಟೆಲು ಬಿಟ್ಟ ಹಿರಿಯ ವಿದ್ಯಾರ್ಥಿಗಳು, ಸ್ನಾತಕೋತ್ತರದವರು, ಇಂಟರ್ನ್‌ಗಳು, ದಾದಿಯರು, ಲ್ಯಾಬಿನ ಸಿಬ್ಬಂದಿ.

ಈ ಉಳಿದವರ ದಿನಚರಿಯನ್ನು ಗಮನಿಸಿದರೆ ಮುಂದಿನದು ತಾನಾಗಿ ತಿಳಿಯುತ್ತದೆ. ಆಸ್ಪತ್ರೆಯ ಪಾಳಿ ಬೆಳಕು ಹರಿಯುವ ಹೊತ್ತಿಗೆ ಶುರುವಾಗಬಹುದು, ನಡುರಾತ್ರಿ ಕರೆಯೂ ಬರಬಹುದು. ಅವರು ಮನೆಯನ್ನು ಅಳೆಯುವುದು ಕಿಲೋಮೀಟರಿನಿಂದಲ್ಲ, ಆ ಹೊತ್ತಿನಲ್ಲಿ ತಲುಪಲು ಹಿಡಿಯುವ ನಿಮಿಷಗಳಿಂದ. ದೇರಳಕಟ್ಟೆ, ನಾಟೆಕಲ್, ಕುತ್ತಾರು ಮೊದಲು ತುಂಬುವುದು ಇದೇ ಕಾರಣಕ್ಕೆ. ಮಂಜೇಶ್ವರದಿಂದ ಹೆದ್ದಾರಿ ಹಿಡಿದು ತೊಕ್ಕೊಟ್ಟಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಷಟ್ಪಥವಾಗಿದೆಯಲ್ಲ ಎಂದು ಕೇಳಬಹುದು. ಅದರ ಲಾಭ ಕಾರಿನಲ್ಲಿ ಹೋಗುವವರಿಗೆ. ಬಸ್ಸಿಗೆ ಕಾಯುವವರು ಸರ್ವಿಸ್ ರಸ್ತೆಗೆ ಬರಬೇಕು, ಆಚೆ ಬದಿಗೆ ಹೋಗಲು ಅಂಡರ್‌ಪಾಸ್ ಇರುವಲ್ಲಿಗೆ ನಡೆಯಬೇಕು. ಕಣ್ಣಳತೆಯಲ್ಲಿದ್ದ ಮನೆ ಕಾಲ್ನಡಿಗೆಗೆ ದೂರವಾದದ್ದು ಈ ರಸ್ತೆಯಿಂದಲೇ.

ಹಾಗಿದ್ದರೆ ಕಾಲೇಜಿನ ಗೇಟಿನ ಎದುರೇ ಕೊಳ್ಳೋಣ ಎಂಬುದು ಎರಡನೆಯ ತಪ್ಪು ಕಲ್ಪನೆ. ಗೇಟಿನ ಎದುರು ಜಾಗದ ಬೆಲೆ ಆಗಲೇ ಏರಿರುತ್ತದೆ, ಊಟ ಸಮೇತ ಪಿಜಿ ನಡೆಸುವ ದೊಡ್ಡ ಕಟ್ಟಡಗಳ ಪೈಪೋಟಿಯೂ ಇರುತ್ತದೆ. ಕಾಲೇಜು ಹೊಸ ಹಾಸ್ಟೆಲು ಕಟ್ಟಿದರೆ ಮೊದಲು ಪೆಟ್ಟು ತಿನ್ನುವವನು ಎರಡು ಕೋಣೆಯ ಸಣ್ಣ ಮಾಲೀಕ. ತೊಕ್ಕೊಟ್ಟಿನಂಥ ಕೂಡುದಾರಿ ಇದಕ್ಕಿಂತ ಮೇಲು. ಅಲ್ಲಿ ವಿದ್ಯಾರ್ಥಿ ಬಿಟ್ಟುಹೋದರೆ ಮಂಗಳೂರಿಗೆ ಕೆಲಸಕ್ಕೆ ಹೋಗುವವರು ಸಿಗುತ್ತಾರೆ.

ಗಡಿಯ ವಿಷಯ ಮಾತ್ರ ಯಾವ ನಕ್ಷೆಯೂ ಹೇಳದು. 2020ರ ಮಾರ್ಚಿನಲ್ಲಿ ಕರ್ನಾಟಕ ತಲಪಾಡಿಯ ದಾರಿಯನ್ನು ಮುಚ್ಚಿತು, ಆಂಬುಲೆನ್ಸುಗಳೇ ಗಡಿಯಲ್ಲಿ ನಿಂತವು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅದು ಕೋವಿಡ್ ಮಹಾಮಾರಿಯ ಕಾಲ, ಒಮ್ಮೆ ಆದದ್ದು ಎಂಬ ಆಕ್ಷೇಪ ನ್ಯಾಯವೇ. ಆದರೆ ಮರುವರ್ಷವೂ ಕೇರಳದಿಂದ ಬರುವವರು ಆರ್‌ಟಿಪಿಸಿಆರ್ ವರದಿ ತೋರಿಸಬೇಕಾಯಿತು. ಪರೀಕ್ಷೆ ತಪ್ಪಿದರೆ ವರ್ಷ ಹಾಳಾಗುವ ಓದಿನಲ್ಲಿರುವ ಮಕ್ಕಳ ಹೆತ್ತವರು, ಬಾಡಿಗೆ ಎರಡು ಸಾವಿರ ಕಡಿಮೆಯೆಂದು ಗಡಿಯ ಈಚೆ ಕೋಣೆ ಹಿಡಿಯುತ್ತಾರೆಂದು ನೆಚ್ಚಿಕೊಳ್ಳುವುದು ಕಷ್ಟ.

ಇಲ್ಲಿ ಜಾಗ ಅಗ್ಗ, ಬೆಲೆ ಏರಿಯೇ ಏರುತ್ತದೆ ಎನ್ನುವವರಿಗೆ ಒಂದು ಉದಾಹರಣೆ. ಜಾಗ, ಮನೆ ಸೇರಿ 40 ಲಕ್ಷ ಬಿತ್ತೆನ್ನಿ. ತಿಂಗಳ ಬಾಡಿಗೆ 12,000. ರಜೆಯ ಎರಡು ತಿಂಗಳು ಖಾಲಿ ಬಿದ್ದರೆ ವರ್ಷಕ್ಕೆ ಕೈಸೇರುವುದು 1,20,000. ಕಟ್ಟಡ ತೆರಿಗೆ, ಮಳೆಗಾಲದ ಬಳಿಕದ ಸುಣ್ಣಬಣ್ಣ, ಪಂಪಿನ ರಿಪೇರಿಗೆ 25,000 ಹೋದರೆ ಉಳಿಯುವುದು 95,000. ಹಾಕಿದ ಹಣದ ಮೇಲೆ ಶೇಕಡಾ ಎರಡೂವರೆಯೂ ಇಲ್ಲ. ಜಾಗದ ಬೆಲೆ ಏರಬಹುದು. ಆದರೆ ಅದು ಮಾರಿದ ದಿನ ಬರುವ ಹಣ, ಸಾಲದ ಕಂತು ಕಟ್ಟುವ ಹಣವಲ್ಲ.

ಹಾಗೆಂದು ಮಂಜೇಶ್ವರದಲ್ಲಿ ಬಾಡಿಗೆದಾರರೇ ಇಲ್ಲವೆಂದಲ್ಲ. ಅವರು ಬೇರೆ ಜನ. 2014ರಲ್ಲಿ ಮಂಜೇಶ್ವರ ತಾಲೂಕಾಗಿ ಉಪ್ಪಳದಲ್ಲಿ ಕಚೇರಿಗಳು ಬಂದವು. ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು, ಶಾಲೆಗಳು, ಬ್ಯಾಂಕುಗಳು, ಆರೋಗ್ಯ ಕೇಂದ್ರಗಳಿಗೆ ಕೇರಳದ ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬರುವವರಿದ್ದಾರೆ. ಇವರ ಸಂಬಳ ಬೇಸಿಗೆ ರಜೆಗೆ ನಿಲ್ಲುವುದಿಲ್ಲ, ಮನೆಯೂ ಖಾಲಿಯಾಗುವುದಿಲ್ಲ. ಇವರನ್ನು ಮನಸ್ಸಿನಲ್ಲಿಟ್ಟು ಜಾಗ ಹುಡುಕುವವರು ದೇರಳಕಟ್ಟೆಯ ದೂರ ಅಳೆಯಬೇಕಿಲ್ಲ. ರೈಲು ನಿಲ್ದಾಣಕ್ಕೂ ಬಸ್ಸಿಗೂ ನಡೆದು ಹೋಗುವಂತಿದೆಯೇ, ನಡುವೆ ರೈಲ್ವೆ ಗೇಟು ಅಡ್ಡ ಬರುತ್ತದೆಯೇ ಎಂದು ನೋಡಲಿ. ಕಡಲ ಬದಿಯ ಜಾಗವಾದರೆ ಮುಂಗಡ ಕೊಡುವ ಮೊದಲು ಮೇ ತಿಂಗಳಲ್ಲೊಮ್ಮೆ ಬಾವಿಯ ನೀರನ್ನು ಬಾಯಿಗೆ ಹಾಕಿ, ಉಪ್ಪೇರಿದೆಯೇ ಎಂದು ಪರೀಕ್ಷಿಸಲಿ.