ವಿಕಿರಣ ಚಿಕಿತ್ಸೆಯ ನಂತರದ ದನಿ

ಹರಿಹರದಲ್ಲಿ ನಮ್ಮ ಸಹಪಾಠಿಗಳೊಬ್ಬರಿದ್ದಾರೆ. ಮಠದ ಪಾಠಶಾಲೆಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಓದಿದವರು ನಾವು. ನಮಗೆ ಪ್ರವಚನ ಒಲಿಯಿತು, ಅವರಿಗೆ ವಚನಗಾಯನ. ಕೆಲವು ವರ್ಷಗಳ ಹಿಂದೆ ಅವರ ದನಿ ಒಡೆಯಿತು. ನೆಗಡಿಯೆಂದು ಭಾವಿಸಿ ಕಷಾಯ ಕುಡಿಯುತ್ತ ಎರಡು ತಿಂಗಳು ಕಳೆದರು. ಮೂರು ವಾರ ಮೀರಿಯೂ ದನಿ ಸರಿಹೋಗದಿದ್ದರೆ ಗಂಟಲಿನ ತಜ್ಞರಿಗೆ ತೋರಿಸಲೇಬೇಕೆಂಬುದು ಅವರಿಗೂ ತಿಳಿಯದು, ನಮಗೂ ತಿಳಿಯದು. ಕೊನೆಗೆ ದಾವಣಗೆರೆಯಲ್ಲಿ ಪರೀಕ್ಷಿಸಿದಾಗ ಧ್ವನಿತಂತುವಿನ ಮೇಲೆ ಅರ್ಬುದ ರೋಗ ತಲೆದೋರಿದ್ದು ಗೊತ್ತಾಯಿತು.

ಪುಣ್ಯವಶಾತ್ ರೋಗವಿನ್ನೂ ಮೊದಲ ಹಂತದಲ್ಲಿತ್ತು. ಈ ಹಂತದಲ್ಲಿ ವಿಕಿರಣ ಚಿಕಿತ್ಸೆಯಿಂದ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಗುಣಹೊಂದುತ್ತಾರೆ. ನಮ್ಮ ಕಡೆಯ ಜನ ಇದನ್ನು ‘ಕರೆಂಟು ಕೊಡಿಸುವುದು’ ಎನ್ನುತ್ತಾರೆ. ಆದರೆ ಇದು ವಿದ್ಯುತ್ತಲ್ಲ, ಕಣ್ಣಿಗೆ ಕಾಣದ ಕಿರಣ. ಆರೂವರೆ ವಾರಗಳಲ್ಲಿ ಚಿಕಿತ್ಸೆ ಮುಗಿಯಿತು, ರೋಗವೂ ಹೋಯಿತು.

ಆ ಅವಧಿಯ ಒಂದು ಸಂಗತಿ ಸದ್ಭಕ್ತರಿಗೆ ಉಪಯುಕ್ತವಾದೀತು. ಕಿರಣ ಬೀಳುವ ಕೊರಳಿನ ಚರ್ಮ ಸುಟ್ಟಂತಾಗುವುದರಿಂದ ಅಲ್ಲಿಗೆ ಏನನ್ನೂ ವೈದ್ಯರನ್ನು ಕೇಳದೆ ಲೇಪಿಸಬಾರದು, ಶಿವದಾರವೂ ಉಜ್ಜಬಾರದು. ನಮ್ಮ ಗೆಳೆಯರು ವೈದ್ಯರ ಒಪ್ಪಿಗೆ ಪಡೆದು ಲಿಂಗವನ್ನು ವಸ್ತ್ರದಲ್ಲಿ ರಟ್ಟೆಗೆ ಕಟ್ಟಿಕೊಂಡರು. ಧಾರಣೆಯೂ ತಪ್ಪಲಿಲ್ಲ, ಚರ್ಮವೂ ಉಳಿಯಿತು.

ಎಡವಿದ್ದು ಅನಂತರ. ‘ಮಾತಾಡಬ್ಯಾಡ್ರಿ ಮಾವ, ಗಂಟಲಿಗೆ ಆಯಾಸ’ ಎಂದು ಸೊಸೆ ಅಕ್ಕರೆಯಿಂದ ತಡೆದಳು. ನಾವಂತೂ ಮೌನದ ಮಹಿಮೆಯನ್ನು ಅರ್ಧ ಗಂಟೆ ಉಪದೇಶಿಸಿ ಬಂದೆವು! ಒಂದೂವರೆ ವರ್ಷ ಅವರು ಕೇವಲ ಪಿಸುಗುಟ್ಟುತ್ತ ಕಳೆದರು. ದನಿ ಮರಳಲಿಲ್ಲ. ಮಂಡಕ್ಕಿ ಗಂಟಲಲ್ಲಿ ಇಳಿಯದಾಯಿತು. ನೀರು ಕುಡಿದರೂ ಕೆಮ್ಮು. ರೋಗ ಮರುಕಳಿಸಿತೆಂದು ಮನೆಯವರೆಲ್ಲ ಹೆದರಿದರು. ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ, ಸ್ನಾಯುಗಳು ಬಿಗಿದಿದ್ದವು.

ಧ್ವನಿಪೆಟ್ಟಿಗೆಯೊಳಗೆ ಎರಡು ಧ್ವನಿತಂತುಗಳಿವೆ. ಹೆಸರು ತಂತುವೆಂದಿದ್ದರೂ ಅವು ವೀಣೆಯ ತಂತಿಗಳಂತಲ್ಲ. ತೇವವಾದ ತೆಳುಪೊರೆ ಹೊದ್ದ ಸ್ನಾಯುವಿನ ಮಡಿಕೆಗಳು. ಗಂಡಸು ಮಾತನಾಡುವಾಗ ಅವು ಸೆಕೆಂಡಿಗೆ ಸುಮಾರು ನೂರು ಸಲ ಕಂಪಿಸುತ್ತವೆ. ನುಂಗುವಾಗ ಶ್ವಾಸಮಾರ್ಗವನ್ನು ಮುಚ್ಚಿ ಕಾಯುವವೂ ಇವೇ. ವಿಕಿರಣದಿಂದ ಪೊರೆ ಊದಿಕೊಳ್ಳುವುದು ಕೆಲವು ವಾರಗಳ ಬಾಧೆ. ಸ್ನಾಯುವಿನ ಕಥೆ ಬೇರೆ. ಅದನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳು ಕಿರಿದಾಗುತ್ತವೆ. ಮೃದುವಾದ ಮಾಂಸತಂತುಗಳ ನಡುವೆ ಗಾಯದ ಕಲೆಯಂತಹ ನಾರು ಬೆಳೆಯುತ್ತದೆ. ಇದು ಚಿಕಿತ್ಸೆ ಮುಗಿದೊಡನೆ ನಿಲ್ಲದು, ವರ್ಷಗಟ್ಟಲೆ ಸಾಗಬಹುದು. ಅದರ ಮೇಲೆ ಬಳಸದೆ ಬಿಟ್ಟರೆ? ಪ್ಲಾಸ್ಟರ್ ಬಿಚ್ಚಿದ ಕಾಲು ಸೊರಗಿರುವುದನ್ನು ಕಂಡವರಿಗೆ ವಿವರಣೆ ಬೇಡ. ಪಿಸುಮಾತು ವಿಶ್ರಾಂತಿಯೆಂಬುದೂ ಭ್ರಮೆ. ಬಿಗಿಹಿಡಿದು ಪಿಸುಗುಟ್ಟಿದರೆ ಧ್ವನಿಪೆಟ್ಟಿಗೆಗೆ ಶ್ರಮವೇ ಹೆಚ್ಚು.

ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದ ಸಂಶೋಧಕರು ಇಂತಹ ರೋಗಿಗಳಲ್ಲಿ ಕೆಲವರಿಗೆ ಹತ್ತು ಸಲ ಧ್ವನಿಶಿಕ್ಷಣ ನೀಡಿ, ಅದನ್ನು ಪಡೆಯದವರೊಂದಿಗೆ ಹೋಲಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಶಿಕ್ಷಣ ಪಡೆದವರು ತಮ್ಮ ಮಾತಿನ ವ್ಯವಹಾರ ಸುಧಾರಿಸಿತೆಂದು ತಾವೇ ಹೇಳಿದ್ದಾರೆ. ನಮ್ಮ ನಾಡಿನಲ್ಲಿಯೂ ಈ ವಿದ್ಯೆ ಹೊಸತಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿಯೇ ಸ್ಥಾಪನೆಯಾಯಿತು.

ಗೆಳೆಯರಿಗೆ ದಾವಣಗೆರೆಯ ವಾಕ್ ಚಿಕಿತ್ಸಕಿಯೊಬ್ಬರು ಅಭ್ಯಾಸ ಹೇಳಿಕೊಟ್ಟರು. ಲೋಟದ ನೀರಿನಲ್ಲಿ ಸ್ಟ್ರಾ ಅದ್ದಿ, ಗುಳ್ಳೆ ಏಳುವಂತೆ ಊದುತ್ತಲೇ ಮೆಲ್ಲನೆ ನಾದ ಹೊರಡಿಸುವುದು, ಬಾಯಿ ಮುಚ್ಚಿ ದುಂಬಿಯಂತೆ ಗುನುಗುವುದು, ಒತ್ತುಕೊಟ್ಟು ನುಂಗುವುದು. ಪದೇ ಪದೇ ಕ್ಯಾಕರಿಸುವುದನ್ನು ಬಿಡಿಸಿದರು. ಕುಡಿಯುವಾಗ ಕೆಮ್ಮು ಬರುವವರು ನುಂಗುವ ಅಭ್ಯಾಸವನ್ನು ಸ್ವತಃ ಮಾಡಿಕೊಳ್ಳಬಾರದು. ಅನ್ನನೀರು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಕೊರಳಿಗೆ ವಿಕಿರಣ ಪಡೆದವರಲ್ಲಿ ಥೈರಾಯ್ಡ್ ಗ್ರಂಥಿ ಮಂದವಾಗುವುದುಂಟು, ಅದರಿಂದಲೂ ದನಿ ದಪ್ಪಗಾಗುತ್ತದೆ. ಆದುದರಿಂದ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ರಕ್ತಪರೀಕ್ಷೆ ಬೇಕು. ಬೀಡಿ, ಸಿಗರೇಟು, ಗುಟ್ಕಾಗಳನ್ನು ಮುಟ್ಟಕೂಡದೆಂದು ಬೇರೆ ಹೇಳಬೇಕಿಲ್ಲ.

ಹಳೆಯ ದನಿ ಪೂರ್ಣ ಮರಳಿದೆಯೆಂದರೆ ಸುಳ್ಳಾದೀತು. ತಾರಸ್ಥಾಯಿ ಹೋಯಿತು. ಕಳೆದ ಶ್ರಾವಣದ ಒಂದು ಸೋಮವಾರ ನಾವು ಹೋದಾಗ, ಹಾರ್ಮೋನಿಯಂ ಹಿಡಿದ ಮೊಮ್ಮಗನಿಗೆ ‘ಕರಿ ಎರಡು ಬ್ಯಾಡಪ್ಪ, ಬಿಳಿ ಒಂದು ಹಿಡಿ’ ಎಂದರು. ಮೂರು ವಚನ ಹಾಡಿದರು; ನಡುವೆ ಎರಡು ಸಲ ನೀರು ಗುಟುಕರಿಸಿದರು. ಸೊಸೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಬೇಡವೆನ್ನಲಿಲ್ಲ.