ನಮ್ಮ ಊರಿನ ಯೋಜನೆ ಎಲ್ಲಿ ತಯಾರಾಗುತ್ತದೆ? ಯೋಜನಾ ಸಮಿತಿಗಳ ಕೆಲಸ ಮತ್ತು ನಮ್ಮ ಹೊಣೆ

ಕೇರಿಯ ರಸ್ತೆ ಏಕೆ ಆಗಲಿಲ್ಲ, ಗಟಾರು ಏಕೆ ಅರ್ಧಕ್ಕೆ ನಿಂತಿತು ಎಂದು ವಿಚಾರಿಸಲು ಹೋದವರಿಗೆ ಪಂಚಾಯತಿಯಲ್ಲಾಗಲಿ ನಗರಸಭೆಯಲ್ಲಾಗಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಅದು ಕ್ರಿಯಾಯೋಜನೆಯಲ್ಲಿ ಇಲ್ಲ." ಈ ಉತ್ತರ ಕೇಳಿ ಬೇಸರದಿಂದ ಮನೆಗೆ ಮರಳುವವರೇ ಹೆಚ್ಚು. ಆದರೆ ಕ್ರಿಯಾಯೋಜನೆ ಎಂದರೇನು, ಅದನ್ನು ಯಾರು, ಯಾವಾಗ ತಯಾರಿಸುತ್ತಾರೆ, ಅದರಲ್ಲಿ ನಮ್ಮ ಮಾತಿಗೆ ಎಲ್ಲಿ ಅವಕಾಶವಿದೆ ಎಂಬುದನ್ನು ತಿಳಿದವರು ಕಡಿಮೆ. ಕಾರವಾರ ಮತ್ತು ಅಂಕೋಲಾ ತಾಲೂಕುಗಳ ನಮ್ಮ ಜನರಿಗೆ ಇದನ್ನು ಸರಳವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಸಂವಿಧಾನ ಏನು ಹೇಳುತ್ತದೆ?

1993ರಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದವು. ಮೊದಲನೆಯದು ಪಂಚಾಯತಿಗಳಿಗೆ, ಎರಡನೆಯದು ನಗರಸಭೆ ಪುರಸಭೆಗಳಿಗೆ ಸಂಬಂಧಿಸಿದ್ದು. ಊರಿನ ಅಭಿವೃದ್ಧಿಯ ಯೋಜನೆಯನ್ನು ಊರಿನವರೇ ಆರಿಸಿದ ಸಂಸ್ಥೆ ತಯಾರಿಸಬೇಕು ಎಂಬುದು ಎರಡರ ಆಶಯ. ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಟ್ಟುಗೂಡಿಸಲು ಪ್ರತಿ ಜಿಲ್ಲೆಗೆ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕೆಂದು 243 ಝಡ್‌ಡಿ ವಿಧಿ ಹೇಳುತ್ತದೆ. ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲೇ ಇದಕ್ಕೆ ಅವಕಾಶ ಮಾಡಲಾಗಿದೆ.

ಈ ಸಮಿತಿಯ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಕಡಿಮೆಯಿಲ್ಲದಷ್ಟು ಮಂದಿ ಜಿಲ್ಲಾ ಪಂಚಾಯತಿ ಹಾಗೂ ಪಟ್ಟಣಗಳ ಚುನಾಯಿತ ಸದಸ್ಯರೇ ಆಗಿರಬೇಕು. ಅವರೇ ತಮ್ಮೊಳಗಿಂದ ಇವರನ್ನು ಆರಿಸಬೇಕು. ಹಳ್ಳಿಗೆ ಎಷ್ಟು ಸ್ಥಾನ, ಪಟ್ಟಣಕ್ಕೆ ಎಷ್ಟು ಸ್ಥಾನ ಎಂಬುದು ಜನಸಂಖ್ಯೆಯ ಪ್ರಮಾಣದಂತೆ ನಿರ್ಧಾರವಾಗುತ್ತದೆ. 2011ರ ಜನಗಣತಿಯಂತೆ ಉತ್ತರ ಕನ್ನಡದ ಜನಸಂಖ್ಯೆ 14,37,169. ಇವರಲ್ಲಿ ಸುಮಾರು ಹತ್ತರಲ್ಲಿ ಏಳು ಮಂದಿ ಹಳ್ಳಿಗಳಲ್ಲಿ ವಾಸಿಸುವವರು. ಆದ್ದರಿಂದ ಈ ಸಮಿತಿಯಲ್ಲಿ ಹಳ್ಳಿಯ ಧ್ವನಿಗೇ ಹೆಚ್ಚಿನ ತೂಕ ಇರಬೇಕು.

ಹಳ್ಳಿಯಿಂದ ಜಿಲ್ಲೆಗೆ

ಹಳ್ಳಿಯಲ್ಲಿ ಯೋಜನೆ ಆರಂಭವಾಗುವುದು ವಾರ್ಡ್ ಸಭೆ ಮತ್ತು ಗ್ರಾಮ ಸಭೆಯಲ್ಲಿ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಯಾರ ಆಹ್ವಾನವೂ ಬೇಕಿಲ್ಲ. ಬೇಡಿಕೆಗಳ ಪಟ್ಟಿ, ಫಲಾನುಭವಿಗಳ ಆಯ್ಕೆ ಇಲ್ಲಿಯೇ ಚರ್ಚೆಯಾಗಬೇಕು. ಈ ಬೇಡಿಕೆಗಳನ್ನು ಸೇರಿಸಿ ಗ್ರಾಮ ಪಂಚಾಯತಿ ತನ್ನ ವಾರ್ಷಿಕ ಅಭಿವೃದ್ಧಿ ಯೋಜನೆಯನ್ನು ತಯಾರಿಸುತ್ತದೆ. 2018ರಿಂದ ಇದಕ್ಕಾಗಿ ಗಾಂಧಿ ಜಯಂತಿಯ ದಿನದಿಂದ ವರ್ಷಾಂತ್ಯದವರೆಗೆ ಜನರ ಯೋಜನಾ ಅಭಿಯಾನ ನಡೆಸುವ ಪದ್ಧತಿ ಬಂದಿದೆ. ಹಾಗಾಗಿ ಏಪ್ರಿಲ್‌ನಲ್ಲಿ ದೂರು ಕೊಟ್ಟರೆ ತಡವಾದಂತೆ. ಕೇಳಬೇಕಾದ ಕಾಲ ಅಕ್ಟೋಬರ್.

ಗ್ರಾಮ ಪಂಚಾಯತಿಯ ಯೋಜನೆಗಳು ತಾಲೂಕು ಪಂಚಾಯತಿಗೆ, ಅಲ್ಲಿಂದ ಜಿಲ್ಲಾ ಪಂಚಾಯತಿಗೆ ಹೋಗುತ್ತವೆ. ಜಿಲ್ಲಾ ಪಂಚಾಯತಿಯಲ್ಲಿ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿ ಇದೆ. ಬಜೆಟ್ ಪರಿಶೀಲನೆ ಮತ್ತು ಆದ್ಯತೆಯ ವಿಚಾರ ಇದರ ಕೆಲಸ. ಕೊನೆಗೆ ಎಲ್ಲವೂ ಜಿಲ್ಲಾ ಯೋಜನಾ ಸಮಿತಿಗೆ ಬಂದು, ಅಲ್ಲಿ ಜಿಲ್ಲೆಯ ಒಟ್ಟು ಕರಡು ಯೋಜನೆಯಾಗಿ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ.

ಹಣದ ಬಗ್ಗೆಯೂ ಒಂದು ಮಾತು. 15ನೇ ಹಣಕಾಸು ಆಯೋಗದ 2021-26ರ ಅವಧಿಯಲ್ಲಿ ಪಂಚಾಯತಿ ಅನುದಾನದ ಶೇಕಡಾ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಡಲಾಗಿತ್ತು. ಇಂತಹ ನಿಯಮ ತಿಳಿದಿದ್ದರೆ ಯಾವ ಕೆಲಸಕ್ಕೆ ಯಾವ ಹಣ ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ.

ಪಟ್ಟಣದಲ್ಲಿ ಹೇಗೆ?

ಕಾರವಾರದಲ್ಲಿ ನಗರಸಭೆ ಇದೆ, ಅಂಕೋಲಾದಲ್ಲಿ ಪುರಸಭೆ ಇದೆ. ಇವು 1964ರ ಪುರಸಭೆಗಳ ಅಧಿನಿಯಮದಂತೆ ನಡೆಯುತ್ತವೆ. ಬೀದಿ ದೀಪ, ಗಟಾರು, ಕಸ ವಿಲೇವಾರಿ, ಮನೆ ಕಟ್ಟುವ ಪರವಾನಗಿ ಇವುಗಳ ಕೆಲಸ. ಆದರೆ ಯಾವ ಜಾಗ ವಸತಿಗೆ, ಯಾವುದು ವ್ಯಾಪಾರಕ್ಕೆ, ಯಾವುದು ಉದ್ಯಾನಕ್ಕೆ ಎಂದು ಗೊತ್ತುಮಾಡುವ ಮಹಾಯೋಜನೆ ಬೇರೆ. ಅದನ್ನು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿ ಯೋಜನಾ ಪ್ರಾಧಿಕಾರ ಮಾಡುತ್ತದೆ. ಹೊಸ ಬಡಾವಣೆಯ ನಕ್ಷೆಗೂ ಅದರ ಒಪ್ಪಿಗೆ ಬೇಕು. ಇನ್ನು ಕೃಷಿ ಜಮೀನನ್ನು ಮನೆಗಾಗಿ ಪರಿವರ್ತಿಸುವುದು ಕಂದಾಯ ಇಲಾಖೆಯ ವಿಷಯ. ಒಂದು ಕಚೇರಿಯ ಕೆಲಸಕ್ಕೆ ಇನ್ನೊಂದು ಕಚೇರಿಗೆ ತಿರುಗಿ ಚಪ್ಪಲಿ ಸವೆಸಿದವರು ನಮ್ಮಲ್ಲಿ ಅನೇಕರು. ಮಹಾಯೋಜನೆಯ ಕರಡನ್ನು ಸಾರ್ವಜನಿಕರ ಆಕ್ಷೇಪಣೆಗಾಗಿ ಪ್ರಕಟಿಸಬೇಕೆಂಬ ನಿಯಮವಿದೆ. ಆ ಅವಧಿಯಲ್ಲಿ ಬರವಣಿಗೆಯಲ್ಲಿ ಕೊಟ್ಟ ಆಕ್ಷೇಪಣೆಗೆ ಇರುವ ಬೆಲೆ ನಂತರದ ಗಲಾಟೆಗೆ ಇರುವುದಿಲ್ಲ.

ಒಂದೇ ಪಂಚಾಯತಿಯಿಂದ ಆಗದ ಕೆಲಸ

ಜಿಲ್ಲಾ ಯೋಜನಾ ಸಮಿತಿಯ ನಿಜವಾದ ಅಗತ್ಯ ಕಾಣುವುದು ಇಲ್ಲಿ. ಪಂಚಾಯತಿ ಮತ್ತು ಪಟ್ಟಣಗಳಿಗೆ ಸಮಾನವಾದ ವಿಷಯಗಳು, ಭೂಬಳಕೆ, ನೀರಿನ ಹಂಚಿಕೆ, ಪರಿಸರ ರಕ್ಷಣೆ, ಇವೆಲ್ಲವನ್ನೂ ಅದು ಗಮನಿಸಬೇಕೆಂದು ಸಂವಿಧಾನವೇ ಹೇಳಿದೆ. ಕಾರವಾರ ನಗರಕ್ಕೆ ಕುಡಿಯುವ ನೀರು ಬರುವುದು ಅಂಕೋಲಾ ತಾಲೂಕಿನ ಗಂಗಾವಳಿ ನದಿಯಿಂದ. ನದಿ ದಂಡೆಯ ಹಳ್ಳಿಗಳ ಅಗತ್ಯ ಮತ್ತು ನಗರದ ಅಗತ್ಯ ಎರಡನ್ನೂ ಕೂಡಿಸಿ ನೋಡುವ ವೇದಿಕೆ ಬೇಡವೇ? ಗಜನಿ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ತಡೆಯುವ ಒಡ್ಡುಗಳದೂ ಇದೇ ಕಥೆ. ಒಂದು ಕಡೆ ಒಡ್ಡು ಒಡೆದರೆ ಪಕ್ಕದ ಊರಿನ ಗದ್ದೆಯೂ ಹೋಗುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನಾವು ಮರೆಯುವಂತಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದ ಮಣ್ಣು ಗಂಗಾವಳಿಗೆ ಇಳಿಯಿತು. ಉಕ್ಕಿದ ನೀರು ಎದುರು ದಂಡೆಯ ಉಳುವರೆಯ ಮನೆಗಳಿಗೆ ನುಗ್ಗಿತು. ಅನೇಕರು ಜೀವ ಕಳೆದುಕೊಂಡರು. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಹೆದ್ದಾರಿ ಕೇಂದ್ರ ಸರ್ಕಾರದ್ದು, ಗುಡ್ಡ ಒಂದು ಊರಿನದ್ದು, ಹಾನಿಯಾದದ್ದು ಇನ್ನೊಂದು ಊರಿಗೆ. ಇಂತಹ ಕಡೆ ಅಪಾಯದ ಗುಡ್ಡ ಯಾವುದು, ಹರಿಯುವ ನೀರಿಗೆ ದಾರಿ ಎಲ್ಲಿ ಎಂದು ಮೊದಲೇ ಗುರುತಿಸಿ ಬರೆದಿಡುವುದು ಯೋಜನೆಯ ಭಾಗವಾಗಬೇಕು. ಹೆದ್ದಾರಿ, ನೌಕಾನೆಲೆ, ಬಂದರುಗಳ ಬಗ್ಗೆ ತೀರ್ಮಾನ ಕೈಗೊಳ್ಳುವ ಅಧಿಕಾರ ಸ್ಥಳೀಯ ಸಮಿತಿಗಿಲ್ಲ, ನಿಜ. ಆದರೆ ಸ್ಥಳೀಯ ಜ್ಞಾನವನ್ನು ದಾಖಲೆ ಮಾಡುವ ಅಧಿಕಾರ ಅದಕ್ಕಿದೆ.

ಮೀನುಗಾರರಿಗೆ ಇನ್ನೊಂದು ಬಾಗಿಲು ಇದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಕರಾವಳಿ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಇರಬೇಕು. ಕಡಲ ದಂಡೆಯಲ್ಲಿ ಮನೆ ಕಟ್ಟುವವರು, ಬಲೆ ಒಣಗಿಸುವ ಜಾಗ ಉಳಿಸಿಕೊಳ್ಳಬೇಕಾದವರು ಈ ಪ್ರತಿನಿಧಿಗಳು ಯಾರೆಂದು ತಿಳಿದಿರಬೇಕು.

ಕೊರತೆಗಳು

ಕಾಗದದಲ್ಲಿ ಇದ್ದದ್ದೆಲ್ಲ ನಡೆಯುತ್ತಿದೆ ಎನ್ನಲಾಗದು. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗದೆ ಆಡಳಿತಾಧಿಕಾರಿಗಳ ಕೈಗೆ ಆಡಳಿತ ಹೋಯಿತು. ಚುನಾಯಿತ ಸದಸ್ಯರೇ ಇಲ್ಲದಿದ್ದರೆ ಅವರೊಳಗಿಂದ ಯೋಜನಾ ಸಮಿತಿಗೆ ಆರಿಸುವುದು ಯಾರನ್ನು? ಇನ್ನೊಂದೆಡೆ, ಗ್ರಾಮ ಸಭೆಗೆ ಜನ ಬಾರದೆ, ಸಹಿ ಮಾತ್ರ ಹಾಕಿ ಸಭೆ ಮುಗಿಸುವುದೂ ಉಂಟು. ಮೊದಲನೆಯದು ಸರ್ಕಾರದ ಲೋಪ, ಎರಡನೆಯದರಲ್ಲಿ ನಮ್ಮ ಪಾಲೂ ಇದೆ.

ನಾವು ಮಾಡಬಹುದಾದದ್ದು

1. ಗ್ರಾಮ ಸಭೆ, ವಾರ್ಡ್ ಸಭೆಯ ದಿನಾಂಕವನ್ನು ಪಂಚಾಯತಿಯಲ್ಲಿ ವಿಚಾರಿಸಿ ವಾಡೆಯ ಎಲ್ಲ ಮನೆಗಳಿಗೆ ತಿಳಿಸುವುದು. ಮಹಿಳೆಯರು, ಮೀನುಗಾರರು, ಕೂಲಿಕಾರರು ಬರುವಂತೆ ನೋಡಿಕೊಳ್ಳುವುದು.

2. ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು. ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗಿದೆಯೇ ಎಂದು ನೋಡುವುದು.

3. ಮಂಜೂರಾದ ಯೋಜನೆಯನ್ನು ಕೇಂದ್ರದ ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಪರಿಶೀಲಿಸುವುದು. ಮಾಹಿತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಂತೆ ಅರ್ಜಿ ಹಾಕುವುದು.

4. ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಇಬ್ಬರಾದರೂ ಈ ವಿಷಯ ಅರಿತವರಿರುವುದು. ಇದು ಪಕ್ಷ ರಾಜಕೀಯವಲ್ಲ. ಕೇವಲ ನಮ್ಮವರ ಕೆಲಸ ಕೇಳುವುದೂ ಅಲ್ಲ. ಬಾವಿ ಬತ್ತಿದರೆ, ಗುಡ್ಡ ಜಾರಿದರೆ ತೊಂದರೆ ಕೇರಿಯ ಎಲ್ಲರಿಗೂ. ಆದ್ದರಿಂದ ನೆರೆಹೊರೆಯ ಎಲ್ಲ ಸಮುದಾಯಗಳ ಜೊತೆ ಸೇರಿ ಕೇಳಿದ ಬೇಡಿಕೆಗೆ ಬಲ ಹೆಚ್ಚು.

ಯೋಜನೆಯ ಪುಸ್ತಕದಲ್ಲಿ ಒಂದು ಸಾಲು ಸೇರಲು ಒಂದು ಮಧ್ಯಾಹ್ನದ ಸಭೆ ಸಾಕು. ಆ ಸಾಲು ತಪ್ಪಿದರೆ ಕೆಲಸಕ್ಕಾಗಿ ಮುಂದಿನ ವರ್ಷದವರೆಗೆ ಕಾಯಬೇಕು.