ತೊದಲ್ನುಡಿಯ ವ್ಯಾಕರಣ

ಒಂದನೆಯ ತರಗತಿಗೆ ಸೇರಿದ ಆರು ವರ್ಷದ ಬಾಲಕನೊಬ್ಬನು ‘ಕಾಯಿ’ ಎನ್ನಬೇಕಾದಲ್ಲಿ ‘ತಾಯಿ’ ಎಂದೂ, ‘ಗುಡಿ’ ಎನ್ನಬೇಕಾದಲ್ಲಿ ‘ದುಡಿ’ ಎಂದೂ, ಕಾಗೆಯನ್ನು ಕಂಡು ‘ತಾದೆ’ ಎಂದೂ ನುಡಿದಾಗ, ಸಹಪಾಠಿಗಳು ನಗುವುದು, ಉಪಾಧ್ಯಾಯರು ‘ನೆಟ್ಟಗೆ ಹೇಳು’ ಎಂದು ಗದರುವುದು, ಮನೆಯಲ್ಲಿ ಅಜ್ಜಿಯು ಬಜೆಯನ್ನು ತೇಯ್ದು ನಾಲಗೆಗೆ ಸವರುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಅಜ್ಜಿಯ ವಾತ್ಸಲ್ಯವು ದೊಡ್ಡದಾದರೂ, ಬಜೆಯ ಲೇಪದಿಂದ ಉಚ್ಚಾರಣೆಯು ತಿದ್ದೀತೆಂಬುದಕ್ಕೆ ಆಧಾರವಿಲ್ಲ. ಜನರು ಸ್ಪೀಚ್ ಥೆರಪಿಸ್ಟ್ ಎಂದು ಕರೆಯುವ ವಾಕ್ ಚಿಕಿತ್ಸಕರು ಇದೇ ಬಾಲಕನ ಮುಂದೆ ಕುಳಿತು, ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುತ್ತ, ಅವನ ತಪ್ಪುಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತಾರೆ. ಹಾಗೆ ಬರೆದು ನೋಡಿದಾಗ ಆ ತೊದಲಿನೊಳಗೇ ಒಂದು ವ್ಯವಸ್ಥೆಯು ಕಾಣಿಸಿಕೊಳ್ಳುತ್ತದೆ: ಕಕಾರವಿದ್ದೆಡೆಯಲ್ಲೆಲ್ಲ ತಕಾರ, ಗಕಾರವಿದ್ದೆಡೆಯಲ್ಲೆಲ್ಲ ದಕಾರ. ಸ್ವರಗಳು ಕೆಟ್ಟಿಲ್ಲ, ಘೋಷ-ಅಘೋಷಗಳ ಭೇದವೂ ಅಳಿದಿಲ್ಲ, ನಾಲಗೆಯ ಹಿಂಭಾಗವು ಮೇಲೆದ್ದು ಮೃದುತಾಲುವನ್ನು ಮುಟ್ಟಬೇಕಾದ ಎಡೆಯಲ್ಲಿ ಅದರ ತುದಿಯು ಹಲ್ಲಿನ ಹಿಂಬದಿಯನ್ನು ಮುಟ್ಟುತ್ತಿದೆ, ಅಷ್ಟೇ. ಕಂಠದಿಂದ ತುಟಿಯವರೆಗೆ ಸ್ಥಾನಕ್ರಮದಲ್ಲಿ ಜೋಡಿಸಿರುವ ನಮ್ಮ ವರ್ಗೀಯ ವ್ಯಂಜನಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡರೆ, ಕವರ್ಗವು ತವರ್ಗಕ್ಕೆ ಸರಿದಿರುವ ಈ ಪಲ್ಲಟವು ಅಕ್ಷರ ಬಲ್ಲ ಯಾರಿಗೂ ಗೋಚರವಾದೀತು. ಮೂರು ವರ್ಷದ ಮಗುವಿನಲ್ಲಿ ಇದು ಸಹಜವೇ ಸರಿ. ಶಾಲೆಗೆ ಬರುವ ವಯಸ್ಸಾದರೂ ಉಳಿದರೆ ಚಿಕಿತ್ಸೆಗೆ ಅರ್ಹ.

ಇಂತಹ ಮಗುವನ್ನು ಅಣಕಿಸುವವರು ಗಮನಿಸಬೇಕಾದ ಸಂಗತಿಯೊಂದನ್ನು ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು 1960ರಲ್ಲಿ ವರದಿಮಾಡಿದರು. ತನ್ನ ಆಟಿಕೆಯ ಮೀನನ್ನು ‘ಫಿಶ್’ ಎನ್ನಲಾರದೆ ‘ಫಿಸ್’ ಎನ್ನುತ್ತಿದ್ದ ಮಗುವಿಗೆ ದೊಡ್ಡವರು ಅದರಂತೆಯೇ ‘ಫಿಸ್’ ಎಂದು ನುಡಿದು ಕೇಳಿದಾಗ ಅದು ಒಪ್ಪಲಿಲ್ಲ. ಅವರು ‘ಫಿಶ್’ ಎಂದೊಡನೆಯೇ ಒಪ್ಪಿತು, ಆದರೆ ಒಪ್ಪಿಗೆಯನ್ನು ಹೇಳಿದ್ದು ಪುನಃ ‘ಫಿಸ್’ ಎಂದೇ. ಕಿವಿಯು ಅರಿತದ್ದನ್ನು ನಾಲಗೆಯು ಇನ್ನೂ ಸಾಧಿಸಿಲ್ಲದ ಈ ಅವಸ್ಥೆಯಲ್ಲಿ ಮಗುವನ್ನು ಗದರಿದರೆ ಭಯವು ಹೆಚ್ಚುವುದೇ ಹೊರತು ಬೇರೇನೂ ಆಗಲಾರದು.

ಆದರೆ ಕಿವಿಯು ನಿಜಕ್ಕೂ ಅರಿತಿದೆಯೇ ಎಂಬುದನ್ನು ಪರೀಕ್ಷಿಸದೆ ಯಾವ ವಾಕ್ ಚಿಕಿತ್ಸಕರೂ ಮುಂದುವರಿಯತಕ್ಕದ್ದಲ್ಲ. ಮೇಲಿಂದ ಮೇಲೆ ನೆಗಡಿಯಾಗುವ ಮಕ್ಕಳಲ್ಲಿ ಕರ್ಣಪಟಲದ ಹಿಂದೆ ದ್ರವವು ನಿಂತು, ನೋವಿಲ್ಲದೆಯೇ ಶ್ರವಣವು ಮಂದವಾಗುವುದುಂಟು. ಶ್ರವಣವು ಸರಿಯಾಗಿದ್ದಲ್ಲಿ ಮುಂದಿನದು ಅಭ್ಯಾಸ. ‘ಕಾಯಿ–ತಾಯಿ’, ‘ಕಟ್ಟು–ತಟ್ಟು’, ‘ಕಂದ–ತಂದ’ ಎಂಬ ಜೋಡಿಗಳನ್ನು ಚಿತ್ರದಲ್ಲಿ ತೋರಿಸಿ, ಹೇಳಿದ್ದನ್ನು ಆರಿಸಿಕೊಡುವ ಆಟವನ್ನು ಮೊದಲು ಆಡಿಸುತ್ತಾರೆ. ಬಳಿಕ ಪಾತ್ರಗಳನ್ನು ಬದಲಿಸಿ, ಮಗುವು ತೆಂಗಿನಕಾಯಿಯನ್ನು ಬಯಸಿ ‘ತಾಯಿ’ ಎಂದರೆ ತಾಯಿಯ ಚಿತ್ರವನ್ನೇ ಕೈಗೆ ಕೊಡುತ್ತಾರೆ. ತನ್ನ ಮಾತು ತಾನೆಣಿಸಿದ ಅರ್ಥವನ್ನು ಮುಟ್ಟಿಸಲಿಲ್ಲವೆಂಬ ಅರಿವು ಆಗ ಮಗುವಿಗೆ ತಾನಾಗಿಯೇ ಉಂಟಾಗುತ್ತದೆ. ಇನ್ನು ನಾಲಗೆಯ ತುದಿಯನ್ನು ಚಪ್ಪಟೆಯ ಕಡ್ಡಿಯಿಂದ ಮೆಲ್ಲನೆ ಕೆಳಕ್ಕೆ ಒತ್ತಿ ಹಿಡಿದು ‘ತ’ ಎನ್ನಲು ಹೇಳಿದರೆ, ತುದಿಯು ಏಳಲಾರದ್ದರಿಂದ ಹಿಂಭಾಗವು ಎದ್ದು, ಮಗುವಿನ ಬಾಯಿಂದ ಅದಕ್ಕೇ ಅಚ್ಚರಿಯಾಗುವಂತೆ ‘ಕ’ ಎಂಬ ಧ್ವನಿಯು ಹೊರಬೀಳುವುದುಂಟು. ಆ ಒಂದು ಧ್ವನಿಯು ಅಕ್ಷರದಲ್ಲಿ, ಪದದಲ್ಲಿ, ವಾಕ್ಯದಲ್ಲಿ ನೆಲೆಗೊಂಡು, ಕಡೆಗೆ ಜಗಳವಾಡುವಾಗಲೂ ತಪ್ಪದೆ ಬರುವಂತಾಗಲು ತಿಂಗಳುಗಳೇ ಹಿಡಿಯಬಹುದು; ಈ ವೃತ್ತಿಯ ಬಹುಭಾಗವು ಇಂತಹ ತಾಳ್ಮೆಯ ಪುನರಾವರ್ತನೆಯೇ ಆಗಿದೆ.

ದೋಷವಲ್ಲದ್ದನ್ನು ದೋಷವೆಂದು ತಿಳಿಯದಿರುವುದು ಇದಕ್ಕಿಂತಲೂ ಸೂಕ್ಷ್ಮವಾದ ಹೊಣೆ. ಹಳೆಯ ಮೈಸೂರಿನ ಹಳ್ಳಿಯ ಮಗುವು ‘ಹಾಲು’ ಎನ್ನುವಲ್ಲಿ ‘ಆಲು’ ಎಂದರೆ, ‘ಶಾಲೆ’ಯನ್ನು ‘ಸಾಲೆ’ ಎಂದರೆ, ಅದು ತನ್ನ ತಂದೆತಾಯಿಗಳ ನುಡಿಯನ್ನು ನಿರ್ದುಷ್ಟವಾಗಿ ಕಲಿತಿದೆಯೆಂದೇ ಅರ್ಥ. ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನು ಕಲಿಯುತ್ತಿರುವ ಮಗುವಿನ ತಡವರಿಕೆಯನ್ನು ರೋಗವೆಂದು ಎಣಿಸಿ, ಮನೆಮಾತನ್ನು ಬಿಡಿಸಿರೆಂದು ಸಲಹೆ ಕೊಡುವವರು ಇಂದಿಗೂ ಇದ್ದಾರೆ. ಎರಡು ಭಾಷೆಗಳಿಂದ ವಾಗ್ದೋಷವು ಹುಟ್ಟುವುದಿಲ್ಲವಾದ ಕಾರಣ ಈ ಸಲಹೆಯನ್ನು ನಾನು ಕ್ರೂರವೆಂದೇ ಭಾವಿಸುತ್ತೇನೆ. ಪರಕೀಯ ಭಾಷೆಯ ಅಳತೆಗೋಲುಗಳು ಇಲ್ಲಿ ಸಲ್ಲವೆಂಬುದನ್ನು ನಮ್ಮವರು ಬೇಗನೆ ಮನಗಂಡರೆಂಬುದು ಸಂತೋಷದ ವಿಷಯ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಈ ವಿದ್ಯೆಗೆ ನೆಲೆಯಾಯಿತು. 1972ರ ಹೊತ್ತಿಗಾಗಲೇ ಕನ್ನಡ ಮಕ್ಕಳ ಉಚ್ಚಾರಣೆಯ ಪರೀಕ್ಷೆಗೆಂದು ಕನ್ನಡದ್ದೇ ಪದಗಳ ಪರೀಕ್ಷೆಯೊಂದು ಸಿದ್ಧವಾಗಿತ್ತು.

ಉಗ್ಗು ಬೇರೆಯದೇ ಸಮಸ್ಯೆ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ತಲೆದೋರುವ ಅದು ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಅಡಗುತ್ತದೆ; ಉಳಿದವರಲ್ಲಿ ಬಾಲಕಿಯರಿಗಿಂತ ಬಾಲಕರೇ ಹೆಚ್ಚು. ಅಮೆರಿಕದಲ್ಲಿ ಈ ಚಿಕಿತ್ಸಾಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲೊಬ್ಬರಾದ ಚಾರ್ಲ್ಸ್ ವಾನ್ ರೈಪರ್ ಸ್ವತಃ ಉಗ್ಗುತ್ತಿದ್ದವರು ಎಂಬುದನ್ನು ಉಗ್ಗುವ ಮಕ್ಕಳ ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು.

ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ತರಗತಿಯಲ್ಲಿ ಮಗುವೊಂದು ತೊದಲಿದರೆ ಅದು ಆಡಿದ ಪದಗಳನ್ನು ಆಡಿದಂತೆಯೇ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ, ಉಗ್ಗಿದರೆ ಅದರ ವಾಕ್ಯವನ್ನು ನೀವು ಪೂರ್ಣಗೊಳಿಸದೆ, ಕೊನೆಯವರೆಗೆ ಕಾದು ಕೇಳಿ, ತಂದೆತಾಯಿಗಳನ್ನು ಕರೆಸಿ, ಮೊದಲು ಕಿವಿಯನ್ನು ಪರೀಕ್ಷೆಮಾಡಿಸಿ ಆ ಬಳಿಕ ವಾಕ್ ಚಿಕಿತ್ಸಕರನ್ನು ಕಾಣುವಂತೆ, ಹೋಗುವಾಗ ಆ ಹಾಳೆಯನ್ನೂ ಒಯ್ಯುವಂತೆ ತಿಳಿಸಿ.